ಎರಡು ಸೂಜಿಗಳ ನಡುವೆ

ತಿಪಟೂರಿನಲ್ಲಿ ಎಲ್ಲರೂ ಅವರನ್ನು ಸೂಜಿ ಡಾಕ್ಟ್ರು ಎನ್ನುತ್ತಿದ್ದರು. ಹೆಸರು ಕೇಳಿಕೊಂಡು ಬಂದ ಹಳ್ಳಿಯವರು ಅಂಗಿಯ ತೋಳು ಮಡಚಿ ಬಾಗಿಲಲ್ಲಿ ನಿಲ್ಲುತ್ತಿದ್ದರು. "ಮೈಕೈ ನೋವು ಸಾರ್, ಒಂದು ಇಂಜೆಕ್ಷನ್ ಹಾಕ್ಬುಡಿ."

ಅವರು ಕನ್ನಡಕವನ್ನು ಹಣೆಗೇರಿಸಿ, "ನಾನು ಹಾಕೋ ಡಾಕ್ಟ್ರಲ್ಲ ಕಣಪ್ಪ, ತೆಗೆಯೋ ಡಾಕ್ಟ್ರು. ಹಾಕೋರು ಮುಂದಿನ ಬೀದೀಲಿದಾರೆ, ಹೋಗು" ಅನ್ನುತ್ತಿದ್ದರು. ಹಾಗೆಂದವರು ಕಳಿಸಿಬಿಡಬೇಕಲ್ಲ, ಕಳಿಸುತ್ತಿರಲಿಲ್ಲ. ಯಾವೂರು, ಮಳೆ ಬಂತಾ, ತೆಂಗಿನ ಮರದಲ್ಲಿ ಹರಳುಗಾಯಿ ನಿಂತಿದೆಯಾ ಎಂದು ಒಂದೊಂದೇ ಕೇಳುತ್ತ ಹೋಗುವರು. ಬಂದವನಿಗೆ ಮೈಕೈ ನೋವು ಮರೆತು ಬಸ್ಸಿನ ನೆನಪಾಗಿ ಅವನೇ ಎದ್ದು ಹೊರಡಬೇಕು. ಬೀದಿಯ ತಿರುವು ದಾಟುವವರೆಗೂ ಇವರು ಬಾಗಿಲಲ್ಲೇ ನಿಂತು ಅವನನ್ನು ನೋಡುತ್ತಿದ್ದರು.

ಈಗ ಅವರಿಲ್ಲ. ಊಟ ಮಾಡಿ ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಯಾರಿಗೂ ತೊಂದರೆ ಕೊಡದೆ ಹೋದರು ಎಂದು ಊರು ಹೇಳಿತು. ತೊಂದರೆ ಕೊಡಲು ಅವರಿಗೆ ಯಾರಿದ್ದರು ಎಂದು ನನಗೆ ಅನ್ನಿಸಿತು.

ನಾನು ಶಸ್ತ್ರವೈದ್ಯ. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ತಿಪಟೂರಿನಲ್ಲಿ ಸಣ್ಣದೊಂದು ನರ್ಸಿಂಗ್ ಹೋಮ್ ನಡೆಸುತ್ತಿದ್ದೆ. ಆಗೆಲ್ಲ ಯಾರದಾದರೂ ಗಂಟು ತೆಗೆದರೆ ಅದನ್ನು ಔಷಧದ ಬಾಟಲಿಯಲ್ಲಿ ಮುಳುಗಿಸಿ, ಬೆಂಗಳೂರಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಬೇಕಿತ್ತು. ಅದು ಕ್ಯಾನ್ಸರೋ ಅಲ್ಲವೋ ಎಂಬ ಉತ್ತರ ಬಂದಾಗ ಬಂತು. ಅಂಥ ದಿನಗಳಲ್ಲಿ ಇವರು ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಕೆಲಸ ಬಿಟ್ಟು ಬಂದು, ಕೊಬ್ಬರಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಮನೆ ಹಿಡಿದು, ಮುಂದಿನ ಕೋಣೆಯಲ್ಲಿ ಮೈಕ್ರೋಸ್ಕೋಪು ಇಟ್ಟರು. ರೋಗಿಯ ಮೈಯಿಂದ ತೆಗೆದ ಜೀವಕೋಶಗಳನ್ನು ಗಾಜಿನ ಮೇಲೆ ಬಳಿದು, ಬಣ್ಣ ಹಾಕಿ, ನೋಡಿ, ಕಾಯಿಲೆ ಇಂಥದ್ದು ಎನ್ನುವುದು ಅವರ ಕೆಲಸ. ಹೊರಗಿನ ಕೊಬ್ಬರಿ ವಾಸನೆ, ಒಳಗಿನ ರಾಸಾಯನಿಕದ ಘಾಟು ಎರಡೂ ಸೇರಿ ಆ ಮನೆಗೆ ತನ್ನದೇ ಒಂದು ವಾಸನೆಯಿತ್ತು.

ಹುಟ್ಟೂರು ತುರುವೇಕೆರೆ ಕಡೆ. ಅಲ್ಲಿ ಆಗಲೇ ಅವರನ್ನು ಏಕವಚನದಲ್ಲಿ ಕರೆಯುವವರು ಯಾರೂ ಉಳಿದಿರಲಿಲ್ಲ. ಮದುವೆಯಾಗಿರಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿಬಿಟ್ಟೆ. "ಹೆಣ್ಣು ನೋಡೋಕೆ ಹೋದಾಗೆಲ್ಲ ನಾನು ಮಾತಾಡ್ತಿರ್ಲಿಲ್ಲ, ಅವರೂ ಮಾತಾಡ್ತಿರ್ಲಿಲ್ಲ. ಇಬ್ಬರೂ ಕಾಫಿ ಕುಡಿದು ಏಳೋದು. ಹಂಗೇ ವಯಸ್ಸಾಗೋಯ್ತು ಕಣ್ರೀ" ಎಂದರು. ಮನೆಯಲ್ಲಿ ರೇಡಿಯೋ ಇರಲಿಲ್ಲ. ಪಕ್ಕದ ಮನೆಯವರ ರೇಡಿಯೋ ಹಾಡುವ ಹೊತ್ತಿಗೆ ಸರಿಯಾಗಿ ಕುರ್ಚಿಯನ್ನು ಕಾಂಪೌಂಡಿನ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ಆ ಮನೆಯವರು ರಜೆಗೆ ಊರಿಗೆ ಹೋದರೆ ಇವರ ಮುಖ ಸಪ್ಪಗಾಗುತ್ತಿತ್ತು.

ಭಾನುವಾರ ಬಸ್ ಸ್ಟ್ಯಾಂಡಿಗೆ ಹೋಗಿ, ಯಾವ ಬಸ್ಸು ಮೊದಲು ಹೊರಡುತ್ತದೋ ಅದನ್ನು ಹತ್ತಿಬಿಡುವರು. ತುರುವೇಕೆರೆಗೋ, ಚಿಕ್ಕನಾಯಕನಹಳ್ಳಿಗೋ, ಇನ್ನೂ ಆಚೆಗೋ. ಬಸ್ಸು ಕೊನೆಯಲ್ಲಿ ನಿಂತ ಕಡೆ ಇಳಿದು, ಒಂದು ಕಾಫಿ ಕುಡಿದು, ಅದೇ ಬಸ್ಸಿಗೆ ವಾಪಸು. ಏನು ಕೆಲಸವಿತ್ತು ಸಾರ್ ಎಂದರೆ, "ಕೆಲಸ ಏನಿಲ್ಲ. ಬಸ್ಸಲ್ಲಿ ಪಕ್ಕದಲ್ಲಿ ಯಾರಾದ್ರೂ ಕೂತಿರ್ತಾರೆ" ಅನ್ನುವರು.

ಅವರ ಬಳಿ ಇದ್ದ ಸೂಜಿ ತೀರ ತೆಳ್ಳಗಿನದು, ಉದ್ದದ್ದು. ಗಂಟಿಗೆ ಚುಚ್ಚುವ ಮುನ್ನ ರೋಗಿಯ ಮಣಿಕಟ್ಟು ಹಿಡಿದು, "ಈಗ ಒಂದು ಇರುವೆ ಕಚ್ಚುತ್ತೆ, ಅಷ್ಟೇ" ಎನ್ನುವರು. ನಾನು ಕಲಿತು ಬಂದದ್ದು ದಪ್ಪ ಸೂಜಿಯನ್ನು. ಅದು ಒಳಗೆ ಹೋಗಿ ಮಾಂಸದ ಒಂದು ಎಳೆಯನ್ನೇ ಕತ್ತರಿಸಿ ತರುತ್ತದೆ. ನಮ್ಮಿಬ್ಬರಿಗೂ ಇದೇ ಜಗಳ. ಎಲ್ಲಕ್ಕಿಂತ ಹೆಚ್ಚಾಗಿ ಮೇದೋಜೀರಕ ಗ್ರಂಥಿಯ ವಿಷಯದಲ್ಲಿ. ಜಠರದ ಹಿಂದೆ, ಬೆನ್ನುಮೂಳೆಗೆ ಆತುಕೊಂಡು ಅಡಗಿ ಕೂತಿರುವ ಅಂಗ ಅದು. ಅಲ್ಲೊಂದು ಗಂಟಾದರೆ ಬೆರಳಿಗೆ ಕಲ್ಲಿನಂತೆ ಸಿಗುತ್ತದೆ. ಬರಿಯ ಉರಿಯೂತವಾದರೂ ಹಾಗೇ ಸಿಗುತ್ತದೆ, ಕ್ಯಾನ್ಸರಾದರೂ ಹಾಗೇ. ಚುಚ್ಚಿ ನೋಡದೆ ಹೇಳುವಂತಿಲ್ಲ.

"ದಪ್ಪ ಸೂಜಿ ಊರನ್ನ ತರುತ್ತೆ, ಸಣ್ಣ ಸೂಜಿ ಜನಾನ ತರುತ್ತೆ" ಎಂದು ಅವರು ವಿವರಿಸುತ್ತಿದ್ದರು. "ನಿಮ್ಮ ಎಳೇಲಿ ಬೀದಿ, ಮನೆ, ಗೋಡೆ ಎಲ್ಲ ಇದ್ದ ಹಂಗೇ ಕಾಣುತ್ತೆ, ಒಪ್ಪಿದೆ. ಆದ್ರೆ ಅದು ಒಂದೇ ಬೀದಿ. ಕಳ್ಳ ಪಕ್ಕದ ಬೀದೀಲಿದ್ರೆ? ನನ್ನ ಸೂಜಿ ನಾಲ್ಕು ದಿಕ್ಕಿಗೂ ಹೋಗಿ ಸಿಕ್ಕಿದೋರನ್ನ ಎಳ್ಕೊಂಡು ಬರುತ್ತೆ. ಯಾವ ಮನೇಲಿದ್ರು ಅಂತ ಗೊತ್ತಾಗಲ್ಲ ನಿಜ, ಮುಖ ಗೊತ್ತಾಗುತ್ತೆ."

"ಮುಖ ನೋಡಿ ಕಳ್ಳ ಅನ್ನೋದಾ ಸಾರ್?"

"ಪೊಲೀಸಿನೋರು ಅನ್ನಲ್ವಾ?" ಎಂದು ನಗುವರು. ಆಮೇಲೆ ನಗು ನಿಲ್ಲಿಸಿ, "ನಿಮ್ಮ ಸೂಜಿ ರಕ್ತನಾಳಕ್ಕೆ ತಗುಲಿದ್ರೆ ನಿಲ್ಲಿಸೋಕಾಗಲ್ಲ ಕಣ್ರೀ. ನಾನು ಕಂಡಿದೀನಿ" ಅನ್ನುವರು.

ಏನು ಕಂಡಿದ್ದರು ಎಂಬುದು ನನಗೆ ತಿಳಿದದ್ದು ತಡವಾಗಿ, ಒಂದು ಸಂಜೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ. ನಗರದ ಆಸ್ಪತ್ರೆಯಲ್ಲಿ ಅವರಿಗೆ ಒಬ್ಬ ಸ್ನೇಹಿತನಿದ್ದ, ಶಸ್ತ್ರವೈದ್ಯ. ಓದುವಾಗಿನಿಂದ ಜೊತೆಗಿದ್ದವನು. ಇಬ್ಬರೂ ಸೇರಿ ಒಂದೇ ರೋಗಿಗೆ ಎರಡೂ ಸೂಜಿ ಹಾಕಿ, ಯಾವುದು ನಿಜ ಹೇಳುತ್ತದೆ ಎಂದು ಹೋಲಿಸಿ ನೋಡುತ್ತಿದ್ದರು. ಅವನು ದಪ್ಪ ಸೂಜಿಯ ಕಡೆ, ಇವರು ಸಣ್ಣದರ ಕಡೆ. ಸಂಜೆ ಒಂದೇ ಮೈಕ್ರೋಸ್ಕೋಪಿಗೆ ಒಬ್ಬರಾದ ಮೇಲೊಬ್ಬರು ಕಣ್ಣಿಟ್ಟು, ಬೈದಾಡಿಕೊಂಡು, ಆಸ್ಪತ್ರೆ ಎದುರಿನ ಹೋಟೆಲಿನಲ್ಲಿ ದೋಸೆ ತಿಂದು ಮನೆಗೆ ಹೋಗುವುದು. ಅಷ್ಟು ಸಂತೋಷವಾಗಿ ತಾನು ಮತ್ತೆಂದೂ ಇರಲಿಲ್ಲ ಎಂದರು.

ಒಂದು ದಿನ ಸ್ನೇಹಿತ ದಪ್ಪ ಸೂಜಿ ಹಾಕಿದ್ದ ರೋಗಿಯೊಬ್ಬ ಹೊಟ್ಟೆಯೊಳಗೆ ರಕ್ತ ಸೋರಿ ಸತ್ತ. ಶವಪರೀಕ್ಷೆ ಮಾಡಿದವರು ಇವರೇ. ಆ ವಾರ ಡಾಕ್ಟರುಗಳೆಲ್ಲ ಸೇರುವ ಸಭೆಯಲ್ಲಿ ಹಿರಿಯರೊಬ್ಬರು, ಸಾವಿಗೆ ಕಾರಣವೇನು ಎಂದು ಕೇಳಿದರು. ಸ್ನೇಹಿತ ಮುಂದಿನ ಸಾಲಿನಲ್ಲಿ ಕೂತಿದ್ದ. ಇವರು ಎದ್ದು ನಿಂತು ಒಂದೇ ಮಾತು ಹೇಳಿದರು. "ಸೂಜಿ."

"ಮಾರನೇ ದಿನದಿಂದ ಅವನು ನನ್ನ ಕೋಣೆಗೆ ಬರಲಿಲ್ಲ. ಜವಾನನ ಕೈಲಿ ಬಾಟಲಿ ಕಳಿಸ್ತಿದ್ದ. ಎದುರಿಗೆ ಸಿಕ್ಕಿದ್ರೆ ಗೋಡೆ ನೋಡ್ಕೊಂಡು ಹೋಗ್ತಿದ್ದ. ಒಂದಷ್ಟು ವರ್ಷ ಹಂಗೇ ಇದ್ದೆ. ಆಗಲಿಲ್ಲ, ಬಿಟ್ಟು ಬಂದೆ."

"ಕಾಯಿಲೆಯಿಂದಲೇ ಹೋದ ಅನ್ನಬಹುದಿತ್ತಲ್ಲ ಸಾರ್" ಎಂದೆ.

"ಅನ್ನಬಹುದಿತ್ತು. ಕಾಯಿಲೆ ದೊಡ್ಡದೇ ಇತ್ತು, ಆ ಮನುಷ್ಯ ಹೆಂಗೂ ಉಳೀತಿರ್ಲಿಲ್ಲ. ಆದ್ರೆ ಅವರು ಕೇಳಿದ್ದು ಉಳೀತಿದ್ನಾ ಅಂತ ಅಲ್ಲವಲ್ಲ. ಯಾತರಿಂದ ಹೋದ ಅಂತ." ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದರು, ಬಾಯಿಗೆ ಇಡಲಿಲ್ಲ.

ಗೌರಮ್ಮ ನಮ್ಮಲ್ಲಿಗೆ ಬಂದದ್ದು ಅದಾದ ಮರುವರ್ಷದ ಚಳಿಗಾಲದಲ್ಲಿ. ಹಂದನಕೆರೆಯ ಹೆಂಗಸು, ನಲವತ್ತರ ಆಸುಪಾಸು. ಕಣ್ಣು ಅರಿಶಿನವಾಗಿತ್ತು. ಮೈಯೆಲ್ಲ ತುರಿಸಿ ತುರಿಸಿ ಗೀರು ಬಿದ್ದಿತ್ತು. ಹೊಟ್ಟೆಯ ನೋವು ಬೆನ್ನಿಗೆ ಹಾಯುತ್ತದೆ ಎಂದಳು. ಗಂಡ ಶಿವಣ್ಣ ಮೊದಲೇ ಬೆಂಗಳೂರಿಗೆ ಕರೆದುಕೊಂಡು ಹೋಗಿ ಆಗಷ್ಟೇ ಬಂದಿದ್ದ ಸ್ಕ್ಯಾನಿಂಗ್ ಮಾಡಿಸಿದ್ದ. ಮೇದೋಜೀರಕದ ತಲೆಯ ಭಾಗದಲ್ಲಿ ಗಂಟು, ಅದು ಪಿತ್ತದ ದಾರಿಯನ್ನು ಒತ್ತಿ ಹಿಡಿದಿದೆ. ನಾನು ಹೊಟ್ಟೆ ತೆರೆದು, ಕಟ್ಟಿಕೊಂಡ ಪಿತ್ತಕ್ಕೆ ಬೇರೆ ದಾರಿ ಮಾಡಿಕೊಡುವುದು ಎಂದು ತೀರ್ಮಾನವಾಯಿತು. ಹೇಗೂ ತೆರೆಯುವಾಗ ಗಂಟಿಗೆ ಸೂಜಿ ಹಾಕಿಯೂ ನೋಡುವುದು.

"ಎರಡೂ ಹಾಕೋಣ" ಎಂದರು ಅವರು. ನನಗೆ ಆಶ್ಚರ್ಯವಾಯಿತು. ಆದರೆ ಕೈ ಗಂಟಿನ ಮೇಲೇ ಇರುವಾಗ, ರಕ್ತ ಬಂದರೆ ಕಣ್ಣೆದುರಿಗೇ ಕಾಣುವಾಗ, ದಪ್ಪ ಸೂಜಿಗೂ ಹೆದರಬೇಕಾಗಿರಲಿಲ್ಲ.

ಆಪರೇಷನ್ ದಿನ ಮೈಕ್ರೋಸ್ಕೋಪನ್ನು ಮಗುವಿನಂತೆ ಎತ್ತಿಕೊಂಡು ಬಂದು ಪಕ್ಕದ ಕೋಣೆಯಲ್ಲಿ ಇಟ್ಟುಕೊಂಡರು. ಸಣ್ಣ ಸೂಜಿಯಲ್ಲಿ ಅವರೇ ಎಳೆದರು, ದಪ್ಪದರಲ್ಲಿ ನಾನು ಎಳೆ ತೆಗೆದೆ. ನಾನು ಪಿತ್ತದ ದಾರಿ ಹೊಲಿಯುವಷ್ಟರಲ್ಲಿ ಅವರು ಬಾಗಿಲಲ್ಲಿ ಬಂದು ನಿಂತರು. ಗಾಜಿನ ಮೇಲೆ ಕೆಟ್ಟ ಮುಖಗಳಿವೆ, ಗುಂಪು ಗುಂಪಾಗಿ, ಎಂದರು. ಎಳೆಯನ್ನು ಮೇಣದಲ್ಲಿ ಹುದುಗಿಸಿ ಕೊಯ್ದು ನೋಡಲು ಕೆಲವು ದಿನ ಬೇಕು. ಅದನ್ನು ನೋಡಿದವರೂ ಅವರೇ. ಅದರಲ್ಲಿ ಕ್ಯಾನ್ಸರಿನ ಸುಳಿವೇ ಇಲ್ಲ, ಹಳೆಯ ಉರಿಯೂತ, ಗಟ್ಟಿಯಾದ ನಾರು, ಅಷ್ಟೇ. ಹೀಗೆ ಎರಡು ಸೂಜಿ ಎರಡು ಮಾತು ಹೇಳಿದವು. ತೀರ್ಪು ಕೊಡಬೇಕಾದವರು ಒಬ್ಬರೇ.

ಆ ಕಾಲದಲ್ಲಿ ಇಂಥ ಸುದ್ದಿಯನ್ನು ವರಾಂಡದಲ್ಲಿ ಗಂಡಸರಿಗೆ ಹೇಳುವುದು ವಾಡಿಕೆ. ಶಿವಣ್ಣ ಕೈಮುಗಿದ. "ಅವಳ್ಗೆ ಹೇಳ್ಬ್ಯಾಡಿ ಸಾರ್, ಎದೆ ಒಡ್ಕಂತಾಳೆ."

"ಹೊಟ್ಟೆ ಅವರದು ಕಣಪ್ಪ" ಎಂದು ಅವರು ಸೀದ ವಾರ್ಡಿಗೆ ಹೋದರು. ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ನಾನೂ ಶಿವಣ್ಣನೂ ಹಿಂದೆ ನಿಂತೆವು.

"ಕ್ಯಾನ್ಸರ್ರಾ ಸಾರ್?" ಗೌರಮ್ಮನೇ ಕೇಳಿದಳು.

"ಗೊತ್ತಿಲ್ಲ ಕಣಮ್ಮ. ಎರಡು ಥರ ಸೂಜಿ ಹಾಕಿ ನೋಡಿದೋ. ಒಂದು ಹೌದು ಅಂತದೆ, ಒಂದು ಅಲ್ಲ ಅಂತದೆ."

"ನಿಮ್ಮ ಮನಸ್ಸು ಏನಂತದೆ?"

ಅವರು ಸ್ಟೂಲನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡರು. "ಹೌದು ಅಂತದೆ."

"ಅದಕ್ಕೇನ್ ಮಾಡ್ಬೇಕು?"

"ಬೆಂಗಳೂರಲ್ಲಿ ಒಂದು ದೊಡ್ಡ ಆಪರೇಷನ್ ಐತೆ. ಕಾಯಿಲೆ ಅದೇ ಆಗಿದ್ರೆ ಉಳಿಯೋಕೆ ಅದೊಂದೇ ದಾರಿ. ಆದ್ರೆ ಆ ಟೇಬಲ್ಲಿಂದ ಏಳದೇ ಇರೋರೂ ಬೇಕಾದಷ್ಟು ಜನ."

"ಕಾಯಿಲೆ ಅದಲ್ದೇ ಇದ್ರೆ?"

"ಸುಮ್ ಸುಮ್ನೆ ಕುಯ್ಸ್ಕೊಂಡಂಗೆ."

ಅವಳು ಕಿಟಕಿಯ ಕಡೆ ತಿರುಗಿದಳು. ಶಿವಣ್ಣ ಟವಲಿನಿಂದ ಬಾಯಿ ಒತ್ತಿಕೊಂಡಿದ್ದ. "ಹೊಸ್ದಾಗಿ ತೆಂಗಿನ ಗಿಡ ಮಡಗಿವ್ನಿ ಸಾರ್, ಬಾವಿ ಪಕ್ಕದ ಹೊಲಕ್ಕೆ" ಎಂದಳು ಕೊನೆಗೆ. "ಮೊದ್ಲನೇ ಬ್ಯಾಸ್ಗೆ ಅವುಕ್ಕೆ. ಬಿಂದಿಗೇಲಿ ನೀರು ಹುಯ್ದು ಉಳಿಸ್ಕಬೇಕು. ನಾನು ಕಾಯ್ತೀನಿ. ಅದೇ ಕಾಯ್ಲೆ ಆಗಿದ್ರೆ ತಾನಾಗೇ ಗೊತ್ತಾಯ್ತದಲ್ಲ." ಆಮೇಲೆ ದನಿ ಇಳಿಸಿ, "ಒಬ್ಳೇ ಕಾಯಾಕೆ ಭಯ ಆಯ್ತದೆ ಸಾರ್" ಎಂದಳು. ಗಂಡ ಅಲ್ಲೇ ನಿಂತಿದ್ದ. ಆದರೂ ಹಾಗೆಂದಳು.

"ನಾನೂ ಕಾಯ್ತೀನಿ ಬುಡಮ್ಮ. ಬತ್ತಿರ್ತೀನಿ" ಎಂದರು ಅವರು. ನಗರದಲ್ಲಿ ಅಷ್ಟು ವರ್ಷ ಇದ್ದವರ ಬಾಯಲ್ಲಿ ತುರುವೇಕೆರೆ ಮಾತು ತಾನಾಗಿ ಹೊರಬಂದಿತ್ತು.

ಹೊರಗೆ ಬಂದ ಮೇಲೆ ನನಗೆ ಸಿಟ್ಟು ಬಂತು. "ನೀವೇ ಹೌದು ಅಂತೀರಿ, ನೀವೇ ಮನೆಗೆ ಕಳಿಸ್ತೀರಿ. ಹೋಗಿ ನೋಡಿ ಬಂದರೆ ಗಂಟು ಕರಗುತ್ತಾ ಸಾರ್?"

"ಕರಗಲ್ಲ. ಆದ್ರೆ ಭಯ ಅಂದದ್ದು ಕೇಳಿಸ್ಕೊಂಡೆನಲ್ಲ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಅಲ್ಲಿಂದ ಅವರ ಭಾನುವಾರದ ಬಸ್ಸು ಗೊತ್ತಾದ ಕಡೆಗೇ ಹೋಗತೊಡಗಿತು. ಮೊದಮೊದಲು ವಾರವಾರವೂ ಹಂದನಕೆರೆ, ಆಮೇಲೆ ವಾರ ಬಿಟ್ಟು ವಾರ. ಒಮ್ಮೆ ನಾನೂ ಹೋಗಿದ್ದೆ. ಅಂಗಳದ ಬಿಸಿಲಲ್ಲಿ ಗೌರಮ್ಮನನ್ನು ಕೂರಿಸಿ, ಕೆಳರೆಪ್ಪೆ ಎಳೆದು, ಹಳದಿ ಇದೆಯೇ ಎಂದು ಆಚೆ ಈಚೆ ತಿರುಗಿಸಿ ನೋಡಿದರು. ಆಮೇಲೆ ಕೊಬ್ಬರಿ ತೂಗುವ ದೊಡ್ಡ ತಕ್ಕಡಿಯಲ್ಲಿ ಅವಳನ್ನು ಕೂರಿಸಿದರು. ಶಿವಣ್ಣ ಒಂದೊಂದೇ ಕಲ್ಲು ಇಡುತ್ತ ಹೋದ. ಸರಪಳಿ ಹಿಡಿದುಕೊಂಡು ತೂಗಾಡುತ್ತ ಗೌರಮ್ಮ ನಕ್ಕೂ ನಕ್ಕೂ, "ಈ ಕೊಬ್ರಿಗೆ ಯಾವನೂ ರೇಟ್ ಕೊಡಲ್ಲ ಕಣ್ರೀ, ಇಳಿಸಿ" ಎಂದಳು. ಅವರೂ ನಕ್ಕರು. ಕಲ್ಲು ಎಣಿಸುವಾಗ ಮಾತ್ರ ಅವರ ತುಟಿ ಒಣಗಿದ್ದನ್ನು ನಾನು ನೋಡಿದೆ. ಕ್ಯಾನ್ಸರಾದರೆ ತೂಕ ಇಳಿಯುತ್ತಲೇ ಹೋಗಬೇಕು.

ಊಟಕ್ಕೆ ಮುದ್ದೆ, ಬಸ್ಸಾರು. ನಡುಮನೆಯಲ್ಲಿ ಗೌರಮ್ಮನ ಅತ್ತೆ ಕೂತಿದ್ದಳು, ಕಣ್ಣು ಕಾಣದ ಮುದುಕಿ. ಹೆಜ್ಜೆಯ ಸದ್ದಿಗೆ ತಲೆಯೆತ್ತಿ, "ಯಾರ್ ಬಂದೋರು?" ಎಂದಳು.

"ನಮ್ ಡಾಕ್ಟ್ರು ಕಣತ್ತೆ" ಎಂದಳು ಗೌರಮ್ಮ ಒಲೆಯ ಕಡೆಯಿಂದ.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ನನ್ನ ಕಡೆ ಬಾಗಿ, "'ನಮ್' ಅಂದ್ರು, ಕೇಳಿಸ್ಕೊಂಡ್ರಾ?" ಎಂದರು.

ಬೇಸಿಗೆ ಕಳೆಯಿತು. ಗಿಡಗಳು ಉಳಿದವು. ಮಳೆಗಾಲ ಕಳೆದು ಇನ್ನೊಂದು ಬೇಸಿಗೆಯೂ ಬಂತು. ತಕ್ಕಡಿಗೆ ಇಡುವ ಕಲ್ಲು ಏರುತ್ತಲೇ ಹೋಯಿತು. ತುರಿಕೆ ಮರಳಲಿಲ್ಲ, ಬೆನ್ನಿನ ನೋವು ಇದ್ದೂ ಇಲ್ಲದ ಹಾಗಾಯಿತು. ಆ ಅಂಗದ ಕ್ಯಾನ್ಸರ್ ಇಷ್ಟು ದಿನ ಸುಮ್ಮನೆ ಕೂರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಬೆಂಗಳೂರಿನಲ್ಲಿ ಮತ್ತೆ ಸ್ಕ್ಯಾನಿಂಗ್ ಮಾಡಿಸಿದೆವು. ಗಂಟು ಕುಗ್ಗಿತ್ತು. ಆ ಚಿತ್ರ ಹಿಡಿದುಕೊಂಡು ನಾನೇ ಅವರ ಮನೆಗೆ ಹೋದೆ. ಅವರು ಗೌರಮ್ಮನ ಹಳೆಯ ಗಾಜುಗಳನ್ನು ತೆಗೆದು ಮೈಕ್ರೋಸ್ಕೋಪಿಗಿಟ್ಟು ಬಹಳ ಹೊತ್ತು ನೋಡಿದರು. ತಲೆಯೆತ್ತಿದಾಗ ಕಣ್ಣು ಒದ್ದೆಯಾಗಿದ್ದವು, ಮುಖ ಅರಳಿತ್ತು.

"ನಾನು ತಪ್ಪಿದೆ ಕಣ್ರೀ! ಉರಿಯೂತಕ್ಕೆ ಊದ್ಕೊಂಡ ಮುಖಗಳಿವು. ಪಾಪದೋರನ್ನ ಹಿಡಿದು ಕಳ್ಳರು ಅಂದ್ಬಿಟ್ಟಿದ್ದೆ" ಎಂದು ನನ್ನ ಭುಜ ತಟ್ಟಿದರು. ಅಷ್ಟು ಖುಷಿಯಾಗಿ ತನ್ನ ಸೋಲು ಒಪ್ಪಿಕೊಂಡ ಡಾಕ್ಟರನ್ನು ನಾನು ಬೇರೆ ಕಂಡಿಲ್ಲ.

ಆ ಖುಷಿ ವಾರವೂ ಉಳಿಯಲಿಲ್ಲ. ಮುಂದಿನ ಸಲ ಹೋದಾಗ ಬಾಗಿಲು ಮುಂದಕ್ಕೆ ಹಾಕಿತ್ತು. ಒಳಗೆ ಕತ್ತಲಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಪಕ್ಕದ ಮನೆಯ ರೇಡಿಯೋ ಹಾಡುತ್ತಿತ್ತು, ಅವರು ಕುರ್ಚಿ ಸರಿಸಿಕೊಂಡಿರಲಿಲ್ಲ.

"ಬೆಂಗಳೂರಲ್ಲಿದ್ದಾಗ ನಾನು ಎಷ್ಟೋ ಜನಕ್ಕೆ ಹೌದು ಅಂದಿದೀನಿ" ಎಂದರು. "ಈ ಸೂಜಿ ನಂಬಿ. ಅವರನ್ನ ಕುಯ್ದರು. ಅವರಲ್ಲಿ ಗೌರಮ್ಮನಂಥೋರು ಒಬ್ಬರಾದ್ರೂ ಇದ್ದಿದ್ರೆ?"

ದಪ್ಪ ಸೂಜಿಯ ಕಡೆಯವನಾಗಿ ಗೆದ್ದ ಸಂತೋಷ ನನಗಿರಲಿಲ್ಲ.

ಸ್ವಲ್ಪ ದಿನ ಬಿಟ್ಟು, "ಬೆಂಗಳೂರಿಗೆ ಹೋಗೋದಿದೆ, ಜೊತೆಗೆ ಬರ್ತೀರಾ?" ಎಂದು ಕೇಳಿದರು. ಬೆಳಗಿನ ರೈಲಿನಲ್ಲಿ ಹೊರಟೆವು. ದಾರಿಯಲ್ಲಿ ಎಲ್ಲಿಗೆ ಎಂದು ಅವರು ಹೇಳಲಿಲ್ಲ, ಅರ್ಥವಾಗಿದ್ದರಿಂದ ನಾನೂ ಕೇಳಲಿಲ್ಲ. ಒಂದು ಹಳೆಯ ಬಡಾವಣೆಯ ಮನೆ, ಗೇಟಿನ ಮೇಲೆ ಮಲ್ಲಿಗೆ ಬಳ್ಳಿ. ಬಾಗಿಲು ತೆರೆದವರು ಆ ಸ್ನೇಹಿತರೇ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೆಟ್ಟಿಲಿಳಿದು ಗೇಟಿನವರೆಗೆ ಬಂದರು. ಗೇಟು ತೆಗೆಯಲಿಲ್ಲ.

ಇವರು ಆಚೆ ನಿಂತೇ ಗೌರಮ್ಮನ ಕಥೆಯನ್ನೆಲ್ಲ ಹೇಳಿದರು. ಸಣ್ಣ ಸೂಜಿ ಏನಂದಿತು, ದಪ್ಪದ್ದು ಏನಂದಿತು, ತಾನು ಯಾವುದನ್ನು ನಂಬಿದೆ, ಕೊನೆಗೆ ಏನಾಯಿತು. ಸ್ನೇಹಿತರು ಗೇಟಿನ ಕಂಬಿ ಹಿಡಿದು ಕೇಳಿದರು.

"ನನ್ನ ಸೂಜಿ ಸರಿ ಹೇಳ್ತು ಅನ್ನು."

"ಹೂಂ. ಈ ಸಲ."

"ಇದನ್ನ ಹೇಳೋಕೆ ಅಲ್ಲಿಂದ ಬಂದ್ಯಾ?"

"ಅವತ್ತು ಎಲ್ಲರೆದುರಿಗೆ ಹೇಳಿದ್ದೆ. ಇದನ್ನೂ ಎಲ್ಲರೆದುರಿಗೇ ಹೇಳಬೇಕಿತ್ತು. ಅವರೆಲ್ಲ ಈಗ ಎಲ್ಲೆಲ್ಲಿದಾರೋ. ನಿನಗಾದ್ರೂ ಹೇಳೋಣ ಅಂತ."

ಸ್ನೇಹಿತರ ಮುಖ ಸ್ವಲ್ಪ ಸಡಿಲವಾಯಿತು. ಕೈ ಗೇಟಿನ ಚಿಲಕದ ಮೇಲೆ ಹೋಯಿತು. "ಹಂಗಾದ್ರೆ ಅವತ್ತಿನ ಮಾತು ವಾಪಸ್ ತಗೋತೀಯಾ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಬೇಡುವ ಹಾಗಿತ್ತು.

ನಾನು ಇವರ ಮುಖ ನೋಡಿದೆ. ಹೂಂ ಅಂದುಬಿಡಿ ಸಾರ್ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಸತ್ತವನು ಸತ್ತು ಎಷ್ಟೋ ವರ್ಷವಾಗಿತ್ತು. ಆ ಸಭೆಯನ್ನು ನೆನಪಿಟ್ಟವರು ಈ ಇಬ್ಬರೇ ಇರಬಹುದು. ಒಂದು ಹೂಂ ಎಂದಿದ್ದರೆ ಗೇಟು ತೆಗೆಯುತ್ತಿತ್ತು, ಒಳಗೆ ಕಾಫಿ ಬರುತ್ತಿತ್ತು, ಇಬ್ಬರು ಮುದುಕರು ಮತ್ತೆ ಬೈದಾಡಿಕೊಳ್ಳಬಹುದಿತ್ತು.

"ಇಲ್ಲ ಕಣೋ" ಎಂದರು ಅವರು, ತುಂಬ ಮೆಲ್ಲಗೆ. "ಅದೂ ನಿಜ. ಇದೂ ನಿಜ."

ಸ್ನೇಹಿತರ ಕೈ ಚಿಲಕದಿಂದ ಇಳಿಯಿತು. "ಸರಿ. ಬಿಸಿಲೇರ್ತಾ ಇದೆ, ಹೊರಡಿ" ಎಂದು ಒಳಗೆ ಹೋದರು.

ರೈಲಿನಲ್ಲಿ ತುಮಕೂರು ದಾಟುವವರೆಗೆ ಅವರು ಕಿಟಕಿಯ ಆಚೆಗೇ ನೋಡುತ್ತಿದ್ದರು. ಆಮೇಲೆ, "ಮುಖ ಊದ್ಕೊಂಡಿದೆ ಅವನದು, ನೋಡಿದ್ರಾ? ಬಿಪಿ ಇರಬೇಕು. ಮಾತ್ರೆ ತಗೋತಾನೋ ಇಲ್ಲವೋ" ಎಂದರು.

ಕೆಲಸ ನಿಲ್ಲಿಸಲಿಲ್ಲ. ಆದರೆ ಸಣ್ಣ ಸೂಜಿಯನ್ನು ಹೊಗಳುವುದೂ ದಪ್ಪ ಸೂಜಿಯನ್ನು ಬೈಯುವುದೂ ನಿಂತುಹೋಯಿತು. ನಾನಾಗಿಯೇ ಕೆಣಕಿದರೂ ಜಗಳಕ್ಕೆ ಬರುತ್ತಿರಲಿಲ್ಲ. ಗೊತ್ತಿಲ್ಲ ಎಂಬ ಮಾತನ್ನು ಮೊದಲೂ ಆಡುತ್ತಿದ್ದರು, ಈಗ ಹೆಚ್ಚಾಗಿ ಆಡತೊಡಗಿದರು. ಊರಿನ ಕೆಲವು ಡಾಕ್ಟರುಗಳು ಬೇಸತ್ತು ಬಾಟಲಿಗಳನ್ನು ಮತ್ತೆ ಬೆಂಗಳೂರಿನ ಬಸ್ಸಿಗೇ ಹಾಕಿದರು. ಹೀಗೆಯೇ ಕೆಲವು ವರ್ಷ ಕಳೆದವು.

ಅವರು ತೀರಿಕೊಂಡ ಮೇಲೆ ಯಾರಿಗೆ ತಿಳಿಸಬೇಕು ಎಂಬುದೇ ನಮಗೆ ಗೊತ್ತಾಗಲಿಲ್ಲ. ತುರುವೇಕೆರೆ ಕಡೆಯ ದಾಯಾದಿಯೊಬ್ಬ ಬಂದು ಬೆಂಕಿ ಕೊಟ್ಟು ಹೋದ. ಎಲ್ಲ ಮುಗಿದ ಮೇಲೆ ಒಂದು ದಿನ ನಾನು ಹಂದನಕೆರೆಗೆ ಹೋದೆ.

ಗೌರಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮೈ ತುಂಬಿಕೊಂಡಿದ್ದಳು. ವಿಷಯ ಹೇಳಿದೆ. ಮೊರ ಕೆಳಗಿಟ್ಟು ಅಲ್ಲೇ ಕೂತುಬಿಟ್ಟಳು. ಶಿವಣ್ಣ ತೋಟದಿಂದ ಬಂದ. ಮುದುಕಿಯನ್ನೂ ಕೈಹಿಡಿದು ಜಗಲಿಗೆ ಕರೆತಂದು ಕೂರಿಸಿದರು. ಗೌರಮ್ಮನೇ ಮಾತಾಡಿದಳು.

"ಅವ್ರು ಕಡೇ ಸಲ ಬಂದಾಗ ಒಬ್ಬಟ್ಟು ಮಾಡಿದ್ದೆ ಸಾರ್. ನಾನು ತಪ್ಪಿದ್ದೆ ಕಣಮ್ಮ, ನೀನು ಗೆದ್ದೆ ಅಂದ್ರು. ಇನ್ ನಾನು ಬರೋ ಅವಶ್ಯ ಇಲ್ಲ ಅಂದ್ರು. ಅದ್ಯಾಕೆ ಸಾರ್, ಬನ್ನಿ ಅಂದೆ. ಹುಷಾರಾಗಿರೋರ ಮನೇಗೆ ಡಾಕ್ಟ್ರು ಬಂದ್ರೆ ಊರೋರು ಏನಂದಾರು ಅಂತ ನಕ್ಬುಟ್ರು. ಆಮ್ಯಾಕೆ ಬರ್ಲೇ ಇಲ್ಲ."

"ನೀನಾದರೂ ತಿಪಟೂರಿಗೆ ಬಂದಾಗ ಹೋಗಬಹುದಿತ್ತಲ್ಲಮ್ಮ" ಎಂದೆ.

"ಹೋಗಿದ್ದೆ ಸಾರ್, ಒಂದ್ಸಲ. ಬಾಗಿಲಲ್ಲಿ ನನ್ನ ಕಂಡೇಟ್ಗೆ ಮುಖ ಬೆಳ್ಳಗಾಗ್ಬುಡ್ತು. ದಡಕ್ಕನೆ ಎದ್ದು, ಏನಾಯ್ತಮ್ಮ, ಮತ್ತೆ ನೋವಾ ಅಂದ್ರು. ಏನಿಲ್ಲ ಸಾರ್, ಸುಮ್ಕೆ ನೋಡಾಕೆ ಬಂದೆ ಅಂದ್ರೂ ನಂಬ್ಲಿಲ್ಲ. ಬೆಳಕ್ಗೆ ನಿಲ್ಸಿ ಕಣ್ಣು ನೋಡಿದ್ಮ್ಯಾಲೇ ಉಸ್ರು ಬಿಟ್ಟಿದ್ದು. ಆ ಜೀವಾನ ಹಂಗೆ ಹೆದರ್ಸಬಾರ್ದು ಅಂತ ನಾನೂ ಮತ್ತೆ ಹೋಗ್ಲಿಲ್ಲ."

ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನನ್ನನ್ನು ನೋಡದೆ, ನೆಲ ನೋಡುತ್ತ ಹೇಳಿದಳು.

"ಪಾಪದ ಯೋಚ್ನೆ ಸಾರ್, ಆದ್ರೂ ಬರೋದು. ನಮ್ಮನೇಲಿ ಯಾರಾರ ಒಬ್ರು ಕಾಯ್ಲೆ ಬೀಳ್ಲಿ, ಅವ್ರು ಬತ್ತಾರೆ ಅಂತ."

ಇಂಥ ಮಾತು ಬಾಯಿಂದ ಬಿದ್ದರೆ ನಮ್ಮ ಕಡೆ ಮನೆಯ ಹಿರಿಯರು ಸುಮ್ಮನಿರುವುದಿಲ್ಲ. ಬಿಡ್ತು ಅನ್ನು ಎಂದು ತಕ್ಷಣ ಗದರುತ್ತಾರೆ. ನಾನು ಮುದುಕಿಯ ಕಡೆ ನೋಡಿದೆ. ಅವಳು ಕಾಣದ ಕಣ್ಣನ್ನು ಬೀದಿಯ ಕಡೆ ನೆಟ್ಟು ಕೂತಿದ್ದಳು. ಶಿವಣ್ಣ ತಲೆ ತಗ್ಗಿಸಿದ್ದ. ಅವತ್ತು ಆ ಜಗಲಿಯ ಮೇಲೆ ಯಾರೂ ಬಿಡ್ತು ಅನ್ನು ಎನ್ನಲಿಲ್ಲ.